ಶೇಕರ್ ಡಬ್ಬಿಗೆ ಗೋಂದು ಹಚ್ಚಬೇಡಿ

ಈಗಷ್ಟೇ ಒಂದು ವಿಡಿಯೊ ನೋಡಿದೆ. ‘ಪಾರಂಪರಿಕ ಶೇಕರ್ ಡಬ್ಬಿ’ಯಂತೆ. ಶೇಕರ್ ಅಂದರೆ ಅಮೆರಿಕದ ಒಂದು ಕ್ರೈಸ್ತ ಪಂಥ; ತೆಳು ಮರದ ಪಟ್ಟಿ ಬಾಗಿಸಿ ಅವರು ಮಾಡುತ್ತಿದ್ದ ಮುಚ್ಚಳದ ಡಬ್ಬಿ ಇದು. ವಿಡಿಯೊದಲ್ಲಿ ನೋಡಿದರೆ, ಪಟ್ಟಿಯ ತುದಿಗೆ ಗೋಂದು ಬಳಿದು, ಕ್ಲಾಂಪ್ ಬಿಗಿದು, ಮೇಲೆ ಅಂದಕ್ಕೆ ನಾಲ್ಕು ಮೊಳೆ. ಮರದ ಕೆಲಸ ಕೆಡಿಸಿದರೆ ನನಗೆ ಎಷ್ಟು ಸಿಟ್ಟು ಬರುತ್ತೆ ಅಂತ ನಿಮಗೆಲ್ಲ ಗೊತ್ತು.

ಅಮೆರಿಕದ ಹ್ಯಾನ್‌ಕಾಕ್‌ನಲ್ಲಿ ಶೇಕರ್ ಸಮುದಾಯ 1960ರಲ್ಲೇ ಮುಚ್ಚಿತು. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕ್ಯಾಂಟರ್‌ಬರಿಯ ಕೊನೆಯ ಶೇಕರ್ ಸಿಸ್ಟರ್ 1992ರಲ್ಲಿ ತೀರಿಕೊಂಡರು. ಬೆರಳೆಣಿಕೆಯ ಮಂದಿ ಉಳಿದದ್ದು ಮೇನ್ ರಾಜ್ಯದ ಸಬತ್‌ಡೇ ಲೇಕ್‌ನಲ್ಲಿ ಮಾತ್ರ. ಬ್ರಹ್ಮಚಾರಿಗಳ ಸಮುದಾಯ, ಅಪ್ಪನಿಂದ ಮಗನಿಗೆ ಕಸುಬು ದಾಟುವ ಮಾತೇ ಇರಲಿಲ್ಲ. ಕಟ್ಟಡಗಳನ್ನು ಮ್ಯೂಸಿಯಂ ಮಾಡಿ ಉಳಿಸಿದ್ದಾರೆ, ಸಂತೋಷ. ಕೈಕೆಲಸವನ್ನು ಹಾಗೆ ಬೀಗ ಹಾಕಿ ಉಳಿಸೋಕಾಗಲ್ಲ, ಸರಿಯಾಗಿ ಮಾಡುವ ಕೈಗಳು ಬೇಕು.

ಡಬ್ಬಿ ಮಾಡೋದು ಹೀಗೆ. ಮೇಪಲ್ ಮರದ ಪಟ್ಟಿ, ದಪ್ಪ ಇಂಚಿನ 1/16 ಭಾಗ. ಮರದ ಎಳೆ ಉದ್ದಕ್ಕೂ ನೇರ ಓಡಿರಬೇಕು, ಓರೆಯಾಗಿದ್ದರೆ ಬಾಗಿಸುವಾಗ ಮುರಿಯುತ್ತೆ. ಒಂದು ತುದಿಯಲ್ಲಿ ಬೆರಳುಗಳ ಹಾಗೆ ಕತ್ತರಿಸಿ, ಅಂಚನ್ನು ಚಾಕುವಿನಿಂದ ಇಳಿಜಾರು ಮಾಡಬೇಕು. ಇನ್ನೊಂದು ತುದಿಯನ್ನು ಒಂದೂವರೆ ಇಂಚಿನಷ್ಟು ಉಜ್ಜಿ ತೆಳ್ಳಗೆ ಮಾಡದಿದ್ದರೆ ಒಳಗೆ ಮೆಟ್ಟಿಲು ಬೀಳುತ್ತೆ, ತಳದ ಹಲಗೆ ಕೂರಲ್ಲ. ಕುದಿಯೋ ಹಾಗಿರುವ ನೀರಲ್ಲಿ ಸುಮಾರು 20 ನಿಮಿಷ. ತೆಗೆದ ತಕ್ಷಣ ಅಚ್ಚಿಗೆ ಸುತ್ತಬೇಕು, ತಣ್ಣಗಾಯಿತೋ ಸೀಳಿತು. ಆಮೇಲೆ ಬೆರಳುಗಳ ಮೇಲೆ ತಾಮ್ರದ ಮೊಳೆ: ಹೊಡೆದಾಗ ಮೊಳೆಯ ತುದಿ ಒಳಗೆ ಹಿಡಿದ ಕಬ್ಬಿಣದ ಪೈಪಿಗೆ ತಾಗಿ ಮಡಚಿಕೊಳ್ಳುತ್ತೆ. ಕಬ್ಬಿಣದ ಮೊಳೆಯಾದರೆ ಒದ್ದೆ ಮರದಲ್ಲಿ ತುಕ್ಕು, ಕಪ್ಪು ಕಲೆ. ಎರಡು ದಿನ ಆಕಾರ ಕೆಡದಂತೆ ಒಣಗಿಸಿ, ತಳವನ್ನು ಮರದ ಸಣ್ಣ ಗೂಟಗಳಿಂದ ಕೂರಿಸೋದು.

ಆ ಬೆರಳುಗಳು ಚಂದಕ್ಕಲ್ಲ! ಮರ ಅಗಲಕ್ಕೆ ಹಿಗ್ಗುತ್ತೆ, ಕುಗ್ಗುತ್ತೆ. ಪೂರ್ತಿ ಅಗಲವನ್ನು ಒಂದೇ ಗೆರೆಯಲ್ಲಿ ಬಿಗಿದರೆ ಉಬ್ಬುತ್ತೆ, ಇಲ್ಲ ಸೀಳುತ್ತೆ. ಬೆರಳು ಬಿಡಿಸಿದರೆ ಪ್ರತಿಯೊಂದೂ ತನ್ನಷ್ಟಕ್ಕೆ ತಾನು ಕದಲುತ್ತೆ. ಗೋಂದು ಹಚ್ಚಿದರೆ ಅವುಗಳ ಕೆಲಸವೇ ಮುಗಿಯಿತು.

“ಶೇಕರ್‌ಗಳೇ ಯಂತ್ರ ಬಳಸಿದರಲ್ಲ, ಹೊಸತನ ತಪ್ಪಾ?” ಅಂತ ಒಬ್ಬರು ಕೇಳಿದರು. ಬಳಸಿದರು, ಧಾರಾಳವಾಗಿ. ಗರಗಸ ತಿರುಗಿಸಲು ಯಂತ್ರ ಬಂದರೆ ಮರ ಕೊಯ್ಯೋದು ಚೆನ್ನಾಗುತ್ತೆ. ಗೋಂದಿನಿಂದ ಈ ಡಬ್ಬಿಗೆ ಏನು ಚೆನ್ನಾಯಿತು ಹೇಳಿ?

ಬೆಂಗಳೂರಿನ ಮಾಡ್ಯುಲರ್ ಕಿಚನ್‌ಗಳಲ್ಲೂ ಇದೇ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ಮೇಲೆ ಚೌಕ ಕೊರೆದು ‘ಶೇಕರ್ ಶಟರ್’, ಅಂದರೆ ಶೇಕರ್ ಶೈಲಿಯ ಕಪಾಟಿನ ಬಾಗಿಲು ಅಂತಾರೆ. ಅಸಲಿ ಬಾಗಿಲಲ್ಲಿ ನಡುವಿನ ಹಲಗೆ ಚೌಕಟ್ಟಿನ ತೋಡಿನೊಳಗೆ ಸಡಿಲವಾಗಿ ಕೂತಿರುತ್ತೆ, ಹಿಗ್ಗೋಕೆ ಜಾಗ ಬೇಕು ಅಂತ. ಅದನ್ನೇ ಬಿಟ್ಟು ಗೆರೆ ಮಾತ್ರ ಉಳಿಸಿಕೊಂಡರು.

ಡಬ್ಬಿ ಕೊಳ್ಳುವವರು ಮುಚ್ಚಳ ತೆಗೆದು ಒಳಗೋಡೆಗೆ ಬೆರಳಾಡಿಸಿ ನೋಡಿ. ಮಡಚಿದ ತಾಮ್ರದ ತುದಿಗಳು ಕೈಗೆ ಸಿಗಬೇಕು.