ರೂಪಕುಂಡದ ಮೂಳೆಗಳು ಒಂದೇ ದಿನದವಲ್ಲ

ಉತ್ತರಾಖಂಡದ ಹಿಮಾಲಯದಲ್ಲಿರೋ ರೂಪಕುಂಡ ಅನ್ನೋ ಕೊಳದ ಅಸ್ಥಿಪಂಜರಗಳೆಲ್ಲ 9ನೇ ಶತಮಾನದಲ್ಲಿ ಒಂದೇ ದಿನ ಆಲಿಕಲ್ಲು ಮಳೆಗೆ ಸಿಕ್ಕಿ ಸತ್ತ ಯಾತ್ರಿಕರವು ಅನ್ನೋ ವಾಟ್ಸಾಪ್ ಸಂದೇಶ ಮತ್ತೆ ಓಡಾಡ್ತಿದೆ. ಅದು ಪೂರ್ತಿ ನಿಜವಲ್ಲ.

ಕೆಲವು ತಲೆಬುರುಡೆಗಳ ಮೇಲೆ ದುಂಡಗಿನ ಏನೋ ಬಡಿದಂಥ ಪೆಟ್ಟಿದೆ. ಅದಕ್ಕೇ ಆಲಿಕಲ್ಲಿನ ಮಾತು ಬಂದದ್ದು. ಆದರೆ 2019ರಲ್ಲಿ 38 ಜನರ ಮೂಳೆಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಹೈದರಾಬಾದಿನ ಸಿಸಿಎಂಬಿ (ಜೀವಕೋಶ ಮತ್ತು ಅಣುಜೀವಶಾಸ್ತ್ರ ಸಂಶೋಧನಾ ಕೇಂದ್ರ) ವಿಜ್ಞಾನಿಗಳೂ ಆ ತಂಡದಲ್ಲಿದ್ದರು. 23 ಜನ ನಮ್ಮ ಕಡೆಯವರು, ಅಂದ್ರೆ ದಕ್ಷಿಣ ಏಷ್ಯಾ ಮೂಲದವರು. 14 ಜನರ ಮೂಲ ಪೂರ್ವ ಮೆಡಿಟರೇನಿಯನ್, ಅಂದ್ರೆ ಗ್ರೀಸ್, ಕ್ರೀಟ್ ಕಡೆ! ಒಬ್ಬರದ್ದು ಆಗ್ನೇಯ ಏಷ್ಯಾ. ಈ 15 ಜನ ಸತ್ತದ್ದು ಸುಮಾರು 1800ರ ಹೊತ್ತಿಗೆ, ಉಳಿದವರಿಗಿಂತ ಸುಮಾರು ಸಾವಿರ ವರ್ಷ ಆಮೇಲೆ. ಆ 23 ಜನರೂ ಒಟ್ಟಿಗೇ ಸತ್ತವರಲ್ಲ.

"ನೆನಪಿಗೆ ಒಂದು ಮೂಳೆ ತನ್ನಿ, ಯಾರೂ ಕೇಳಲ್ಲ" ಅಂತಲೂ ಆ ವಾಟ್ಸಾಪ್ ಸಂದೇಶದಲ್ಲಿದೆ. ದಯವಿಟ್ಟು ಬೇಡ. ಸುಮಾರು 5,000 ಮೀಟರ್ ಎತ್ತರದ ಆ ಪುಟ್ಟ ಕೊಳದ ದಂಡೆಯಿಂದ ಹೀಗೇ ಎಷ್ಟೋ ಮೂಳೆ ಹೋಗಿವೆ. ಅವು ಯಾರದೋ ಮನೆಯವರದು ಅಲ್ವಾ?

ಇನ್ನೊಂದು ವಿಷಯ. ರೂಪಕುಂಡಕ್ಕೆ ಹೋಗೋ ದಾರಿಯ ಬುಗ್ಯಾಲ್, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ಟೆಂಟ್ ಹಾಕೋದನ್ನ 2018ರಲ್ಲೇ ಉತ್ತರಾಖಂಡ ಹೈಕೋರ್ಟ್ ನಿಷೇಧಿಸಿದೆ. ಬೆಂಗಳೂರಿನಿಂದ ಅಲ್ಲಿಗೆ ಚಾರಣಕ್ಕೆ ಹೊರಡುವವರು ಮುಂಗಡ ದುಡ್ಡು ಕಟ್ಟೋ ಮೊದಲು ಅಲ್ಲಿನ ಅರಣ್ಯ ಇಲಾಖೆಯನ್ನ ಕೇಳಿ.