ಸ್ಟ್ಯಾಕ್ಸ್ ಮುಚ್ಚಿದ ಮೇಲೂ ಜಾಕ್ಸನ್‌ನಲ್ಲಿ ಹಾಡು ನಿಂತಿರಲಿಲ್ಲ

1975ರಲ್ಲಿ ಮೆಂಫಿಸ್‌ನ ಧ್ವನಿಮುದ್ರಿಕೆ ಕಂಪನಿ ಸ್ಟ್ಯಾಕ್ಸ್ ದಿವಾಳಿಯಾದುದರೊಂದಿಗೆ ಅಮೆರಿಕದ ದಕ್ಷಿಣ ಭಾಗದ ಸೋಲ್ ಸಂಗೀತವೂ (ಕಪ್ಪು ಜನರ ಭಾವಪೂರ್ಣ ಗಾಯನದ ಪ್ರಕಾರ) ಮುಗಿಯಿತು, ಇನ್ನೊಂದು ಧ್ವನಿಮುದ್ರಿಕೆ ಕಂಪನಿಯಾದ ಮಲಾಕೊದ ‘ದಿ ಲಾಸ್ಟ್ ಸೋಲ್ ಕಂಪನಿ’ ಸಂಕಲನದ ಆರು ಸಿ.ಡಿ.ಗಳು ಅದರ ನೆನಪು ಮಾತ್ರ ಎಂಬ ಲೇಖಕರೊಬ್ಬರ ಮಾತನ್ನು ನಾನು ಒಪ್ಪಲಾರೆ. ಹೆಸರಿನಲ್ಲಿರುವ ‘ಲಾಸ್ಟ್’ (ಕೊನೆಯ) ಎಂಬ ಪದವೇ ಅವರ ದಾರಿ ತಪ್ಪಿಸಿರಬಹುದು. ಮಿಸಿಸಿಪ್ಪಿಯ ಜಾಕ್ಸನ್ ನಗರದ ಮಲಾಕೊ ಕಂಪನಿಗೆ ಡೊರೊಥಿ ಮೂರ್ ಅವರ ‘ಮಿಸ್ಟಿ ಬ್ಲೂ’ ಹಾಡು ದೇಶದಾದ್ಯಂತ ಹೆಸರು ತಂದದ್ದೇ 1976ರಲ್ಲಿ. 1980ರ ದಶಕದ ಆರಂಭದಲ್ಲಿ, ಸೋಲ್‌ಗೆ ಹತ್ತಿರದ ಬ್ಲೂಸ್ ಸಂಗೀತವನ್ನು ಕೇಳುವವರೇ ಇಲ್ಲವೆಂದು ದೊಡ್ಡ ಕಂಪನಿಗಳು ಕೈಬಿಟ್ಟಿದ್ದ ಹೊತ್ತಿನಲ್ಲಿ, ಝಡ್. ಝಡ್. ಹಿಲ್ ಅವರ ಮಲಾಕೊ ಆಲ್ಬಮ್ ‘ಡೌನ್ ಹೋಮ್’ ಸುಮಾರು ಎರಡು ವರ್ಷ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಿಂದ ಇಳಿಯಲಿಲ್ಲ. ಹಿಂದೆ ಸ್ಟ್ಯಾಕ್ಸ್‌ನಲ್ಲಿಯೇ ಹಾಡಿದ್ದ ಲಿಟಲ್ ಮಿಲ್ಟನ್ ಮತ್ತು ಜಾನಿ ಟೇಲರ್ ಇಬ್ಬರೂ ಮುಂದೆ ಮಲಾಕೊ ಸೇರಿದರು. ಸ್ಟ್ಯಾಕ್ಸ್ ಹೆಸರಿನಲ್ಲಿ ಮಾರಾಟವಾದ ಜೀನ್ ನೈಟ್ ಅವರ ‘ಮಿಸ್ಟರ್ ಬಿಗ್ ಸ್ಟಫ್’ ಕೂಡ 1970ರಲ್ಲಿ ಧ್ವನಿಮುದ್ರಣಗೊಂಡದ್ದು ಮಲಾಕೊ ಸ್ಟುಡಿಯೊದಲ್ಲಿ. ಸಂಗೀತ ಸಂಯೋಜಕ ವಾರ್ಡೆಲ್ ಕೆಝರ್ಗ್ ನ್ಯೂ ಆರ್ಲಿಯನ್ಸ್‌ನಿಂದ ಕರೆತಂದ ಗಾಯಕರಲ್ಲಿ ಒಬ್ಬರಾಗಿ ನೈಟ್ ಅಲ್ಲಿ ಅಂದು ಹಾಡಿದ ಆ ಹಾಡನ್ನು ಸ್ಟ್ಯಾಕ್ಸ್ ಮೊದಲು ಬೇಡವೆಂದಿತ್ತು, ಅದೇ ಸಲ ಮುದ್ರಣವಾದ ಕಿಂಗ್ ಫ್ಲಾಯ್ಡ್ ಅವರ ‘ಗ್ರೂವ್ ಮಿ’ ಗೆದ್ದ ಮೇಲಷ್ಟೇ ಅದನ್ನು ಹೊರತಂದಿತು.