ಕಿಟಕಿಯಿಂದ ಎಸೆದ ಬೀಜ ಕಾಡಾಗುತ್ತದೆಯೇ?

ಮಾವು, ಹಲಸಿನ ಕಾಲ ಬಂತೆಂದರೆ ವಾಟ್ಸಾಪಿನಲ್ಲಿ ಈ ಸಂದೇಶವೂ ಬರುತ್ತದೆ: ಮಾವು, ಹಲಸು, ನೇರಳೆ ಬೀಜ ತೊಳೆದು ಒಣಗಿಸಿ ಕಾರಿನಲ್ಲಿಟ್ಟುಕೊಳ್ಳಿ, ಮಳೆ ಬಿದ್ದ ಮೇಲೆ ರಸ್ತೆ ಬದಿಗೆ ಎಸೆಯಿರಿ, ಕಾಡು ತಾನಾಗಿ ಬೆಳೆಯುತ್ತದೆ.

ಆಶಯವೇನೋ ಒಳ್ಳೆಯದೇ. ಎಡವಟ್ಟಾಗುವುದು ಒಣಗಿಸುವಲ್ಲಿ. ಹುಣಸೆ ಬೀಜ ಒಣಗಿಸಿಟ್ಟರೂ ಬಾಳುತ್ತದೆ. ಈ ಮೂರು ಹಾಗಲ್ಲ. ಒಳಗಿನ ತೇವ ಆರಿದರೆ ಬೀಜವೇ ಸಾಯುತ್ತದೆ. ಹಸಿಯಾಗಿ ಬಿದ್ದ ಒಂದೆರಡು ಮೊಳೆತರೂ ರಸ್ತೆ ಬದಿಯ ಗಟ್ಟಿ ನೆಲ, ಹುಲ್ಲು, ಮೇಕೆ ದಾಟಿ ಮರವಾಗುವುದು ಅಪರೂಪ.

ಊರವರೇ ನಡೆಸುವ ನರ್ಸರಿಯಲ್ಲಿ ಕೆಲಸ ಬೇರೆಯದೇ. ಮಾವಿನ ಗೊರಟಿನ ಗಟ್ಟಿ ಸಿಪ್ಪೆ ಬಿಡಿಸಿ ನೋಡುತ್ತಾರೆ, ಹುಳು ಕೊರೆದದ್ದನ್ನು ಬಿಸಾಡುತ್ತಾರೆ. ಉಳಿದದ್ದು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿದ ಚೀಲಕ್ಕೆ ಹಸಿಯಾಗಿಯೇ ಹೋಗುತ್ತದೆ. ಬೇರು ನೆಲಕ್ಕಿಳಿಯದಂತೆ ಚೀಲಗಳನ್ನು ಆಗಾಗ ಜರುಗಿಸಬೇಕು (ಬೇಸರದ ಕೆಲಸ, ಆದರೆ ಬಿಟ್ಟರೆ ಕೀಳುವಾಗ ತಾಯಿಬೇರೇ ತುಂಡು). ನೆಡುವ ಮುಂಚೆ ನೆರಳು, ನೀರು ತಗ್ಗಿಸಿ ಸಸಿಯನ್ನು ಬಿಸಿಲಿಗೆ ಒಗ್ಗಿಸುತ್ತಾರೆ.

ಸಾಲುಮರದ ತಿಮ್ಮಕ್ಕ ದಂಪತಿ ಹುಲಿಕಲ್–ಕುದೂರು ರಸ್ತೆಗೆ ಬೀಜ ಎಸೆದು ಹೋದವರಲ್ಲ; ಆಲದ ಸಸಿ ನೆಟ್ಟು, ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿದವರು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯೂ ರೈತರಿಗೆ ಹಣ ಕೊಡುವುದು ಬದುಕುಳಿದ ಗಿಡಗಳಿಗೆ ಮಾತ್ರ.

ಬೀಜ ಉಳಿದಿದ್ದರೆ ಒಣಗಿಸದೆ, ಹಣ್ಣು ತಿಂದ ಎರಡು ಮೂರು ದಿನದೊಳಗೆ ಹತ್ತಿರದ ನರ್ಸರಿಗೆ ಕೊಡಿ. ಯಾವ ಊರಿನ ಮರದ್ದೆಂದು ಚೀಟಿ ಬರೆದಿಟ್ಟರೆ ಅವರಿಗೆ ಅನುಕೂಲ.